ಬಾಲಿಗೆ ಹೊರಟ ಮಲೆನಾಡಿಗರಿಗೆ: ಯಾವ ಲಸಿಕೆ, ಯಾವಾಗ, ಯಾಕೆ?

ಅಡಿಕೆ ಕೊಯ್ಲು ಮುಗಿದು ಮಂಡಿಯ ದುಡ್ಡು ಕೈಗೆ ಬಂದ ಮೇಲೆ ನಮ್ಮ ಕಡೆ ಟೂರ್ ಸೀಸನ್ ಶುರು. ಮೊದಲೆಲ್ಲ ಕಾಶಿ, ರಾಮೇಶ್ವರ. ಈಗ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರೂ ಗುಂಪು ಕಟ್ಟಿಕೊಂಡು ಬಾಲಿ, ಶ್ರೀಲಂಕಾ, ಅಂಡಮಾನ್ ಅಂತ ಹೊರಡುತ್ತಾರೆ. ಟಿಕೆಟ್, ವೀಸಾ, ಹೋಟೆಲು, ಜೊತೆಗೊಯ್ಯುವ ಚಕ್ಕುಲಿ, ಉಪ್ಪಿನಕಾಯಿ, ಎಲ್ಲದರ ಲೆಕ್ಕವೂ ತಿಂಗಳ ಮೊದಲೇ ಆಗಿರುತ್ತದೆ. ಲಸಿಕೆಯ ಮಾತು ಬರುವುದು ಮಾತ್ರ ಬ್ಯಾಗು ಕಟ್ಟುವ ವಾರ. ಅದೂ ಹೀಗೆ: "ಅಲ್ಲಿಗೆ ಹೋಗೋಕೆ ಯಾವ್ದೋ ಇಂಜೆಕ್ಷನ್ ಕಡ್ಡಾಯ ಅಂತೆ, ಹೌದಾ ಮಾರಾಯ್ರೆ?"

ಭಾರತದಿಂದ ನೇರವಾಗಿ ಬಾಲಿ, ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್‌ಗೆ ಹೋಗುವವರನ್ನು ಯಾರೂ ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ಕೇಳುವುದಿಲ್ಲ. ಅಂಡಮಾನ್, ಲಕ್ಷದ್ವೀಪ ನಮ್ಮದೇ ದೇಶ, ಅಲ್ಲಿಯಂತೂ ಆ ಪ್ರಶ್ನೆಯೇ ಇಲ್ಲ. ಇಷ್ಟು ಕೇಳಿದ ಕೂಡಲೇ "ಹಂಗಾದ್ರೆ ಏನೂ ಬೇಡ" ಅಂತ ಎದ್ದು ಹೋಗುವವರೇ ಜಾಸ್ತಿ. ಅಲ್ಲೇ ತಪ್ಪುವುದು. ಒಂದು ದೇಶ ಲಸಿಕೆ ಕಡ್ಡಾಯ ಮಾಡುವುದು ನೀವು ರೋಗ ಹೊತ್ತು ತರಬಾರದು ಅಂತ, ಅಂದರೆ ತನ್ನ ಜನರ ಸಲುವಾಗಿ. ಅಲ್ಲಿ ನಿಮಗೆ ಏನು ತಗುಲಬಹುದು ಅನ್ನುವ ಲೆಕ್ಕವನ್ನು ವಿಮಾನ ನಿಲ್ದಾಣದ ಕೌಂಟರಿನವರು ಹಾಕುವುದಿಲ್ಲ. ಅದನ್ನು ನೀವೂ ನಿಮ್ಮ ಡಾಕ್ಟರೂ ಕೂತು ಹಾಕಬೇಕು.

ಮೊದಲು ಆ ಹಳದಿ ಜ್ವರದ ಕಥೆ ಮುಗಿಸೋಣ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿರುವ, ಸೊಳ್ಳೆಯಿಂದ ಹರಡುವ ಕಾಯಿಲೆ ಇದು. ನಮ್ಮಲ್ಲಿ ಇದರ ವೈರಸ್ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಊರೂರಲ್ಲೂ ಇದೆ. ನಮಗೆ ಡೆಂಗಿ ತರುವುದೂ ಇದೇ. ವೈರಸ್ ಒಮ್ಮೆ ಒಳಗೆ ಬಂದರೆ ಹರಡುವುದಕ್ಕೆ ಎಲ್ಲ ಅನುಕೂಲವೂ ಇಲ್ಲಿದೆ. ಹಾಗಾಗಿ ಭಾರತ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಆ ದೇಶಗಳಿಂದ ಕಾರ್ಡ್ ಇಲ್ಲದೆ ಬಂದವರನ್ನು 6 ದಿನದವರೆಗೆ ಬೇರೆಯಾಗಿ ಇರಿಸಬಹುದು. ನೈರೋಬಿಯಲ್ಲೋ ಅಡಿಸ್ ಅಬಾಬಾದಲ್ಲೋ ವಿಮಾನ ಬದಲಿಸಿ ಸೇಶೆಲ್ಸ್, ಜಾಂಜಿಬಾರ್ ಕಡೆ ಹೋಗುವವರು ಟಿಕೆಟ್ ಮಾಡಿಸುವ ಮೊದಲೇ ಇದನ್ನು ವಿಚಾರಿಸಬೇಕು. ಸೂಜಿ ಹಾಕಿಸಿಕೊಂಡ 10 ದಿನದ ನಂತರವೇ ಕಾರ್ಡ್ ಊರ್ಜಿತ. 2016ರಿಂದ ಈಚೆಗೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಒಪ್ಪಿಗೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಬೆಂಗಳೂರಿನಲ್ಲಿದೆ, ಪಕ್ಕದ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಇದು ಜೀವಂತ ವೈರಸ್ಸನ್ನು ದುರ್ಬಲ ಮಾಡಿ ತಯಾರಿಸಿದ ಲಸಿಕೆ. ಗರ್ಭಿಣಿಯರು, 60 ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಈಗ ಕ್ಯಾಲೆಂಡರ್ ವಿಷಯ. ಪ್ರಯಾಣಕ್ಕೆ ಆರು ವಾರ ಇರುವಾಗಲೇ ಡಾಕ್ಟರನ್ನು ನೋಡಿದರೆ ಅನುಕೂಲ. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಹೊಡೆದರೆ ಕೆಲಸಕ್ಕೆ ಬರುತ್ತದೆ, ಕೊಳೆ ಬಿದ್ದ ಮೇಲೆ ಹೊಡೆದು ಪ್ರಯೋಜನವಿಲ್ಲ. ಸೂಜಿ ಚುಚ್ಚಿದ ದಿನವೇ ರಕ್ಷಣೆ ಬರುವುದಿಲ್ಲ. ದೇಹ ಆ ರೋಗಾಣುವಿನ ಗುರುತು ಹಿಡಿದು ಪ್ರತಿಕಾಯ ತಯಾರಿಸಲು ಸುಮಾರು ಎರಡು ವಾರ ಬೇಕು. ಕೆಲವಕ್ಕೆ ಎರಡು ಡೋಸ್, ನಡುವೆ ಅಂತರ. ಹಾಗಂತ ಎರಡೇ ವಾರ ಉಳಿದಿದ್ದರೂ ಹೋಗದೆ ಇರಬೇಡಿ, ಅಷ್ಟರಲ್ಲೂ ಆಗುವ ಕೆಲಸ ಇದೆ.

ಡಾಕ್ಟರ್ ಕೇಳುವುದು ಬರೀ ದ್ವೀಪದ ಹೆಸರನ್ನಲ್ಲ. ಎಷ್ಟು ದಿನ, ಯಾವ ತಿಂಗಳು, ರೆಸಾರ್ಟಿನಲ್ಲೋ ಹಳ್ಳಿಮನೆಯಲ್ಲೋ, ಬೈಕ್ ಬಾಡಿಗೆ ತಗೊಂಡು ಸುತ್ತುತ್ತೀರೋ, ಶುಗರ್ ಇದೆಯೋ, ಮಕ್ಕಳು ಜೊತೆಗಿದ್ದಾರೋ. ಒಂದೇ ವಿಮಾನದಲ್ಲಿ ಹೋಗುವ ಇಬ್ಬರಿಗೆ ಬೇರೆ ಬೇರೆ ಲಸಿಕೆ ಬರೆದುಕೊಟ್ಟರೆ ಆಶ್ಚರ್ಯ ಬೇಡ.

ಹೆಪಟೈಟಿಸ್ ಎ ಇದಕ್ಕೆ ಒಳ್ಳೇ ಉದಾಹರಣೆ. ಕೊಳಕು ನೀರು, ಊಟದಿಂದ ಬರುವ ಕಾಮಾಲೆ ಇದು. ಚಿಕ್ಕ ಮಕ್ಕಳಿಗೆ ಬಂದರೆ ಬಹಳ ಸಲ ಗೊತ್ತೇ ಆಗದ ಹಾಗೆ ಬಂದು ಹೋಗುತ್ತದೆ, ಆಮೇಲೆ ಜೀವನಪೂರ್ತಿ ಮತ್ತೆ ಬರುವುದಿಲ್ಲ. ಹಳ್ಳದ ನೀರು, ಬಾವಿ ನೀರು ಕುಡಿದು ಬೆಳೆದ ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಹೀಗೆ ಆಗಿಹೋಗಿರುತ್ತದೆ. ಬೆಂಗಳೂರಿನಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದ ಮಗ ಸೊಸೆಗೆ ಆ ರಕ್ಷಣೆ ಇಲ್ಲದಿರಬಹುದು. ದೊಡ್ಡವರಾದ ಮೇಲೆ ಇದು ಬಂದರೆ ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಅಂದರೆ ಅಪ್ಪ ಅಮ್ಮನಿಗೆ ಬೇಡದ ಸೂಜಿ ಮಗನಿಗೆ ಬೇಕಾಗಬಹುದು. ಅನುಮಾನವಿದ್ದರೆ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಸಾಮಾನ್ಯವಾಗಿ ಹಾಕುವ ಲಸಿಕೆಯಲ್ಲಿ ಎರಡು ಡೋಸ್. ಮೊದಲನೆಯದು ಪ್ರಯಾಣಕ್ಕೆ ಸಾಕು, ಆರು ತಿಂಗಳ ನಂತರದ್ದು ಮುಂದಿನ ಕಾಲಕ್ಕೆ.

ಟೈಫಾಯ್ಡ್‌ಗೆ ಈಗಿನ ಕಾಂಜುಗೇಟ್ ಲಸಿಕೆ ಒಂದೇ ಡೋಸ್. ನೂರಕ್ಕೆ ನೂರು ಕಾಯುತ್ತದೆ ಅಂತ ನಂಬಿಕೊಂಡು ರಸ್ತೆಬದಿಯ ಐಸ್ ನೀರು ಕುಡಿಯಬಾರದು ಅಷ್ಟೆ. ಧನುರ್ವಾಯು ಅಥವಾ ಟಿಟಿ, ಈಗ ಟಿಡಿ ಅನ್ನುತ್ತಾರೆ, 10 ವರ್ಷಕ್ಕೊಮ್ಮೆ. ಹವಳದ ದಿಬ್ಬಕ್ಕೆ ಕಾಲು ತರಚಿಕೊಳ್ಳುವುದು ದ್ವೀಪದಲ್ಲಿ ಮಾಮೂಲಿ, ಆದ್ದರಿಂದ ಇದನ್ನು ಬಿಡಬೇಡಿ. ಹಿರಿಯರಿಗೆ ಫ್ಲೂ ಲಸಿಕೆ ಒಳ್ಳೆಯದು, ವಿಮಾನದಲ್ಲಿ ತಗುಲುವ ಕೆಮ್ಮು ನೆಗಡಿಯೇ ಎಷ್ಟೋ ಪ್ರವಾಸ ಕೆಡಿಸುತ್ತದೆ. ಮಕ್ಕಳ ದಡಾರದ ಲಸಿಕೆ ಪೂರ್ತಿಯಾಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ಬಾಲಿಯಲ್ಲಿದೆ. ಗದ್ದೆ ನೀರಿನ ಸೊಳ್ಳೆಯಿಂದ, ಹಂದಿ ಮತ್ತು ನೀರುಹಕ್ಕಿಗಳ ಮೂಲಕ ಬರುವಂಥದ್ದು. ವಾರದ ಮಟ್ಟಿಗೆ ಸಮುದ್ರದಂಡೆಯಲ್ಲಿ ಇರುವವರಿಗೆ ಅಪಾಯ ಬಹಳ ಕಡಿಮೆ. ತಿಂಗಳುಗಟ್ಟಲೆ ಗದ್ದೆ ಬಯಲಿನ ಹಳ್ಳಿಯಲ್ಲಿ ಇರುವವರಿಗೆ ಮಾತ್ರ ಈ ಲಸಿಕೆಯ ಚರ್ಚೆ.

ಮಂಗ ಕಚ್ಚಿದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮವರಿಗೆ ಮಂಗನ ಭಯವೇ ಇಲ್ಲ. ದಿನಾ ಬೆಳಗಾದರೆ ಬಾಳೆಗೊನೆಗೆ ಬರುವ ಮಂಗಗಳನ್ನು ಕವಣೆ ಹಿಡಿದು ಓಡಿಸುವವರು ನಾವು. ಬಾಲಿಯ ಉಲುವಾಟು ದೇವಸ್ಥಾನದ ಮಂಗಗಳ ವರಸೆಯೇ ಬೇರೆ. ಹಿಂದಿನಿಂದ ಬಂದು ಕನ್ನಡಕ, ಮೊಬೈಲು ಕಿತ್ತುಕೊಂಡು ಗೋಡೆಯ ಮೇಲೆ ಕೂರುತ್ತವೆ. ಹಣ್ಣು ಕೊಟ್ಟರೆ ವಾಪಸ್ ಕೊಡುತ್ತವೆ. ಗಿರಾಕಿ ನೋಡಿ ವ್ಯಾಪಾರ! ಆಗ ನಮ್ಮವರು ಕೈ ಹಾಕಿ ಎಳೆಯಲು ಹೋದರೆ ಪರಚಿಯೋ ಕಚ್ಚಿಯೋ ಆಗುತ್ತದೆ.

2008ರವರೆಗೆ ಬಾಲಿಯಲ್ಲಿ ರೇಬೀಸ್ ಇರಲಿಲ್ಲ. ಆಮೇಲೆ ನಾಯಿಗಳ ಮೂಲಕ ದ್ವೀಪದ ತುಂಬ ಹರಡಿತು, ಇನ್ನೂ ಹೋಗಿಲ್ಲ. ಅಲ್ಲಿ ಮುಖ್ಯ ಅಪಾಯ ನಾಯಿಯದ್ದೇ, ಆದರೂ ಮಂಗ ಕಚ್ಚಿದ್ದನ್ನೂ ಹಗುರವಾಗಿ ತಗೊಳ್ಳುವ ಹಾಗಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವ ಮೊದಲು ಸರಿಯಾದ ಚಿಕಿತ್ಸೆ ಸಿಕ್ಕರೆ ತಡೆಯಬಹುದು.

ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಷ್ಟು ಹೊತ್ತು ಯಾರೂ ಸುಮ್ನೆ ತೊಳೆಯುವುದಿಲ್ಲ. ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಹಚ್ಚಬೇಡಿ. ಆಮೇಲೆ ಅವತ್ತೇ ಆಸ್ಪತ್ರೆ. ಸೂಜಿಗಳು ಅವತ್ತು, 3, 7, 14ನೇ ದಿನ ಹೀಗೆ ಹೋಗುತ್ತವೆ. ಕೆಲವು ಪದ್ಧತಿಯಲ್ಲಿ 28ನೇ ದಿನವೂ ಇದೆ. ಆಳದ ಗಾಯಕ್ಕೆ ಇದರ ಜೊತೆ ಇಮ್ಯುನೊಗ್ಲಾಬ್ಯುಲಿನ್ ಅಂತ, ಸಿದ್ಧ ಪ್ರತಿಕಾಯ ಇರುವ ಇನ್ನೊಂದನ್ನು ಗಾಯದ ಸುತ್ತಲೇ ಚುಚ್ಚಬೇಕು. ಸಣ್ಣ ದ್ವೀಪಗಳಲ್ಲಿ ಅದು ಸಿಗುವುದು ಕಷ್ಟ.

ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡು ಹೋಗುವುದರ ಲಾಭ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳುವ ಪ್ರಕಾರ ಒಂದು ವಾರದ ಅಂತರದಲ್ಲಿ ಎರಡು ಡೋಸ್ ಸಾಕು. ಹಾಕಿಸಿಕೊಂಡವರಿಗೆ ಆಮೇಲೆ ನಾಯಿ ಕಚ್ಚಿದರೂ ಸೂಜಿ ತಪ್ಪುವುದಿಲ್ಲ, ಆದರೆ ಎರಡರಲ್ಲೇ ಮುಗಿಯುತ್ತದೆ, ಆ ಇಮ್ಯುನೊಗ್ಲಾಬ್ಯುಲಿನ್ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ. ಎಲ್ಲರಿಗೂ ಬೇಕು ಅಂತ ನಾನು ಹೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು, ಬೈಕಿನಲ್ಲಿ ಹಳ್ಳಿ ಸುತ್ತುವವರು ಯೋಚನೆ ಮಾಡಬೇಕು. ಬೀದಿನಾಯಿ ತುಂಬಿರುವ ನಮ್ಮ ಊರಿಗೂ ಅದು ಉಪಯೋಗಕ್ಕೆ ಬರುತ್ತದಲ್ವಾ? ಅಂಡಮಾನ್ ಮತ್ತು ಲಕ್ಷದ್ವೀಪ ರೇಬೀಸ್ ಇಲ್ಲದ ದ್ವೀಪಗಳೆಂದು ಹೆಸರಾದವು. ಆದರೂ ಅಲ್ಲಿ ಪ್ರಾಣಿ ಕಚ್ಚಿದರೆ ಡಾಕ್ಟರಿಗೆ ತೋರಿಸದೆ ಇರಬೇಡಿ.

ಸೂಜಿ ಇಲ್ಲದ ಕಾಯಿಲೆಗಳು

ದ್ವೀಪಕ್ಕೆ ಹೋದವರನ್ನು ನಿಜವಾಗಿ ಮಲಗಿಸುವುದು ಎರಡು: ಸೊಳ್ಳೆ ಮತ್ತು ಹೊಟ್ಟೆ.

"ನಾವು ಮಲೆನಾಡಿನವರು, ಸೊಳ್ಳೆ ಇಂಬಳ ಎಲ್ಲ ನೋಡಿದವರು" ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ವಿಧ. ಒಂದು ವಿಧ ಬಂದು ಹೋದವರಿಗೆ ಅದೇ ವಿಧ ಮತ್ತೆ ಬರುವುದಿಲ್ಲ. ಬೇರೆ ವಿಧ ಬಂದರೆ ಎರಡನೇ ಸಲದ್ದು ಮೊದಲಿಗಿಂತ ಜೋರಾಗುವ ಸಾಧ್ಯತೆ ಹೆಚ್ಚು. ಊರಲ್ಲಿ ಒಮ್ಮೆ ಡೆಂಗಿ ಬಂದಿತ್ತು ಅನ್ನುವವರು ಇನ್ನೂ ಹುಷಾರಾಗಿರಬೇಕು. ನಮ್ಮದೇ ದೇಶದ ಡೆಂಗಿ ಲಸಿಕೆಯ ಮೂರನೇ ಹಂತದ ಪರೀಕ್ಷೆ ಶುರುವಾದದ್ದೇ 2024ರ ಆಗಸ್ಟ್‌ನಲ್ಲಿ. ಪ್ರವಾಸಕ್ಕೆ ಹೊರಡುವವರು ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳುವುದನ್ನೇ ನಂಬಬೇಕು.

ಚಿಕುನ್‌ಗುನ್ಯಾ ನೆನಪಿದೆಯಾ? 2006ರಲ್ಲಿ ಕರ್ನಾಟಕದಲ್ಲಿ ಮನೆಮನೆಯಲ್ಲೂ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಅದಕ್ಕೆ ಸ್ವಲ್ಪ ಮೊದಲು, 2005-06ರಲ್ಲಿ, ಮಾರಿಷಸ್ ಪಕ್ಕದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಬ್ಬರಿಗೆ ಅದು ಬಂದಿತ್ತು. ನಮ್ಮಲ್ಲಿ ಹಬ್ಬಿದ್ದೂ ಅದೇ ಆಫ್ರಿಕಾ ಮೂಲದ ವೈರಸ್. ಅದೇ ದ್ವೀಪದಲ್ಲಿ 2025ರಲ್ಲಿ ಮತ್ತೆ ದೊಡ್ಡದಾಗಿ ಹಬ್ಬಿತು. ದ್ವೀಪ ದೂರದಲ್ಲಿರಬಹುದು, ಸೊಳ್ಳೆಗೆ ಬೇಕಾದ ವೈರಸ್ ಮನುಷ್ಯರ ರಕ್ತದಲ್ಲೇ ವಿಮಾನ ಹತ್ತುತ್ತದೆ.

ಮಲೇರಿಯಾದ ಕಥೆ ದ್ವೀಪದಿಂದ ದ್ವೀಪಕ್ಕೆ ಬೇರೆ. ಮಾಲ್ಡೀವ್ಸ್ 2015ರಲ್ಲಿ, ಶ್ರೀಲಂಕಾ 2016ರಲ್ಲಿ ಮಲೇರಿಯಾ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದವು. ಇಂಡೋನೇಷ್ಯಾದಲ್ಲಿ ಬಾಲಿಯ ಪ್ರವಾಸಿ ಜಾಗಗಳಲ್ಲಿ ಅಪಾಯ ತೀರಾ ಕಡಿಮೆ, ಅದೇ ದೇಶದ ಪಾಪುವಾದಲ್ಲಿ ವಿಪರೀತ. ಅಗತ್ಯವಿದ್ದ ಕಡೆ ಡಾಕ್ಟರ್ ಮುನ್ನೆಚ್ಚರಿಕೆ ಮಾತ್ರೆ ಬರೆಯುತ್ತಾರೆ. ಅದನ್ನು ಹೊರಡುವ ಮೊದಲೇ ಶುರು ಮಾಡಿ, ವಾಪಸ್ ಬಂದ ಮೇಲೂ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ. ಊರಿಗೆ ಬಂದೆವಲ್ಲ ಅಂತ ಅರ್ಧಕ್ಕೆ ಬಿಡುವವರೇ ಹೆಚ್ಚು. ಇದೇ ಮಾತ್ರೆ ಚರ್ಮವನ್ನು ಬಿಸಿಲಿಗೆ ಬೇಗ ಸುಡುವ ಹಾಗೆ ಮಾಡುತ್ತದೆ. ಕಡಲ ದಂಡೆಗೆ ಹೋಗುವವರಿಗೆ ಅದನ್ನು ಮೊದಲೇ ಹೇಳಿರಬೇಕು.

ಸೊಳ್ಳೆ ತಡೆಯುವ ವಿಚಾರದಲ್ಲಿ ಮಲೆನಾಡಿನವರಿಗೆ ಹೊಸದಾಗಿ ಕಲಿಸುವುದೇನೂ ಇಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರುವ ಹಳ್ಳಿಗಳಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರಲ್ಲ, ಉಣುಗು ಹತ್ತದಿರಲಿ ಅಂತ ಕೈಕಾಲಿಗೆ ಹಚ್ಚಿಕೊಳ್ಳುವುದು, ಅಭ್ಯಾಸ ಅದೇ. ಪ್ರವಾಸಕ್ಕೆ ಮೆಡಿಕಲ್‌ನಲ್ಲಿ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮು ಕೇಳಿ. ಮೊದಲು ಸನ್‌ಸ್ಕ್ರೀನ್, ಒಣಗಿದ ಮೇಲೆ ಇದು. ಬೆವರು, ಸಮುದ್ರಸ್ನಾನ ಆದರೆ ಮತ್ತೆ ಹಚ್ಚಬೇಕು. ಡೆಂಗಿ ಸೊಳ್ಳೆ ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮೊದಲು. ರಾತ್ರಿ ಸೊಳ್ಳೆಪರದೆ ಕಟ್ಟಿ ಹಗಲು ಚಡ್ಡಿಯಲ್ಲಿ ತಿರುಗಿದರೆ ಅರ್ಧ ಕೆಲಸವಷ್ಟೇ ಆಯಿತು. ಗರ್ಭಿಣಿಯರು, ಸೊಳ್ಳೆಯಿಂದಲೇ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಝಿಕಾ ವೈರಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿಯೇ ಟಿಕೆಟ್ ಮಾಡಿಸುವುದು ವಾಸಿ.

ಹೊಟ್ಟೆಯ ವಿಷಯಕ್ಕೆ ಬರೋಣ. ಬಿಸಿನೀರು ಕುಡಿಯುವುದು, ಬಿಸಿಬಿಸಿ ಊಟ ಮಾಡುವುದು, ಈ ಎರಡು ಅಭ್ಯಾಸ ಬಿಡದಿದ್ದರೆ ಅರ್ಧ ಗೆದ್ದ ಹಾಗೆ. ಸೀಲ್ ಇರುವ ಬಾಟಲಿ ನೀರನ್ನೇ ಹಲ್ಲುಜ್ಜಲೂ ಬಳಸಿ. ಎಳನೀರು ಒಳ್ಳೆಯದು, ಅದಕ್ಕೆ ಹಾಕಿಕೊಡುವ ಐಸು ಬೇಡ. ಕತ್ತರಿಸಿಟ್ಟ ಹಣ್ಣು ಬೇಡ, ನೀವೇ ಸಿಪ್ಪೆ ಸುಲಿಯುವ ಬಾಳೆ, ರಂಬುಟಾನ್ ಪರವಾಗಿಲ್ಲ. ಆದರೂ ಭೇದಿ ಶುರುವಾದರೆ ಓಆರ್‌ಎಸ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕುಡಿದರೆ ಉಪ್ಪು ಸಕ್ಕರೆಯ ಅಳತೆ ತಪ್ಪುತ್ತದೆ. ಸಣ್ಣ ಪೊಟ್ಟಣಗಳೂ ಇವೆ, ಮೇಲೆ ಬರೆದ ಅಳತೆ ಓದಿ. ಉಪ್ಪು ಹಾಕಿದ ತೆಳು ಗಂಜಿಯೂ ಆಗುತ್ತದೆ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಮೂತ್ರ ಮಾಡದೆ ಮಂಕಾದರೆ ಹೋಟೆಲ್ ರೂಮಿನಲ್ಲಿ ಕೂರಬೇಡಿ.

ಮೀನು ಪ್ರಿಯರಿಗೆ ಒಂದು ಮಾತು. ಹವಳದ ದಿಬ್ಬದಲ್ಲಿ ಬದುಕುವ ದೊಡ್ಡ ಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷ ಸೇರಿರಬಹುದು. ಪಾಚಿಯಂಥ ಸೂಕ್ಷ್ಮ ಜೀವಿಗಳಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಹತ್ತುತ್ತಾ ಬರುತ್ತದೆ. ವಾಸನೆ ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಂತಿ ಭೇದಿಯ ಜೊತೆ ತುಟಿ, ಬೆರಳು ಜುಮ್ಮೆನ್ನುವುದು, ತಣ್ಣಗಿನದು ಮುಟ್ಟಿದರೆ ಸುಟ್ಟ ಹಾಗೆ ಅನಿಸುವುದು ಇದರ ಗುರುತು. ಗ್ರೂಪರ್, ಬ್ಯಾರಕುಡಾದಂಥ ದೊಡ್ಡ ಮೀನು ಬಿಟ್ಟು ಸಣ್ಣವನ್ನು ತಿನ್ನಿ. ಇನ್ನು ಬಾಲಿಯಲ್ಲಿ ಅಗ್ಗಕ್ಕೆ ಸಿಗುವ ಸ್ಥಳೀಯ ಸಾರಾಯಿಯಲ್ಲಿ ಮೆಥನಾಲ್ ಬೆರೆತು ಪ್ರವಾಸಿಗರೇ ಸತ್ತಿದ್ದಾರೆ. ಕಳ್ಳಭಟ್ಟಿಯ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ.

ಬಿಸಿಲು ಮತ್ತು ಕಡಲಿನ ವಿಷಯ ಚುಟುಕಾಗಿ. ತೋಟದ ನೆರಳಲ್ಲಿ ಬೆಳೆದವರಿಗೆ ಮರಳಿನ ಮೇಲಿನ ಬಿಸಿಲು ಗೊತ್ತಿರುವುದಿಲ್ಲ, ನೀರಿನಿಂದಲೂ ಅದು ಮುಖಕ್ಕೆ ಹೊಡೆಯುತ್ತದೆ. ಹತ್ತರಿಂದ ನಾಲ್ಕರವರೆಗೆ ನೆರಳು ಹುಡುಕಿ. ತುಂಗೆಯಲ್ಲಿ ಈಜಿದವರು ಕಡಲನ್ನು ಹೊಳೆಯಂತೆ ನೋಡಬೇಡಿ. ದಡದಿಂದ ಒಳಗೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬೇಡಿ. ಅಂಡಮಾನಿನಲ್ಲಿ ಸ್ಕೂಬಾ ಮಾಡಿದವರು ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆಯಾದರೂ ಬಿಟ್ಟು ವಿಮಾನ ಹತ್ತಬೇಕು. ಬಿಪಿ, ಶುಗರ್ ಮಾತ್ರೆಗಳು ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ.

ಎರಡೂ ಕಡೆಯ ಜ್ವರ

ನಮ್ಮ ಜಿಲ್ಲೆಯವರು ಮಾತ್ರ ಗಮನಿಸಬೇಕಾದ ಒಂದು ವಿಷಯ ಉಳಿದಿದೆ. ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ, ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದರ ಹಾವಳಿ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ನಮ್ಮ ಟೂರ್ ಸೀಸನ್ನೂ ಅದೇ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಅಂದರೆ ಸೊಪ್ಪು ದರಗು ತರಲು ಬೆಟ್ಟಕ್ಕೆ ಹೋಗಿ ಬಂದು ಮರುದಿನ ವಿಮಾನ ಹತ್ತಿದವರಿಗೆ ಬಾಲಿಯಲ್ಲೇ ಮೈ ಬಿಸಿಯಾಗಬಹುದು. ಅಲ್ಲಿನ ಡಾಕ್ಟರು ಡೆಂಗಿ ಅಂತಲೇ ನೋಡುತ್ತಾರೆ. ತಲೆನೋವು, ಮೈಕೈ ನೋವು ಎರಡರಲ್ಲೂ ಒಂದೇ ತರಹ. "ನಾವು ಕೆಎಫ್‌ಡಿ ಇರುವ ಕಡೆಯವರು, ಹೋದ ವಾರ ಕಾಡಿಗೆ ಹೋಗಿದ್ದೆ" ಅಂತ ನೀವೇ ಹೇಳಬೇಕು. ಅದರ ಇಂಗ್ಲಿಷ್ ಹೆಸರು ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ವಾಪಸ್ ಬಂದ ಮೇಲೆ ಇದರ ಉಲ್ಟಾ. ಇಲ್ಲಿ ಡಾಕ್ಟರಿಗೆ ಮೊದಲು ಅನುಮಾನ ಬರುವುದು ಮಂಗನ ಕಾಯಿಲೆ, ಇಲಿ ಜ್ವರ. ದ್ವೀಪಕ್ಕೆ ಹೋಗಿದ್ದೆ, ಇಂಥಾ ದಿನ ಬಂದೆ, ಇಂಥಾ ಮಾತ್ರೆ ನುಂಗಿದ್ದೆ ಅಂತ ಮೊದಲ ಮಾತಲ್ಲೇ ಹೇಳಿ. ಡೆಂಗಿ ಎರಡು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಟೈಫಾಯ್ಡ್‌ಗೆ ಮೂರ್ನಾಲ್ಕು ವಾರ ಹಿಡಿಯಬಹುದು, ಕಾಮಾಲೆಗೆ ಅದಕ್ಕಿಂತಲೂ ಹೆಚ್ಚು. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೂ ಏಳುತ್ತದೆ. ಆಗ ಪ್ರವಾಸದ ನೆನಪೇ ಇರುವುದಿಲ್ಲ. ರಕ್ತ ಪರೀಕ್ಷೆ ಆಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದರೆ ಡೆಂಗಿಯಲ್ಲೂ ಕೆಎಫ್‌ಡಿಯಲ್ಲೂ ರಕ್ತಸ್ರಾವದ ಅಪಾಯ.

ಜ್ವರ ಬಂದ ಮೊದಲ ವಾರ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗುವುದು ಮನೆಯವರ ಸಲುವಾಗಿ. ಡೆಂಗಿಯಾಗಿದ್ದರೆ ಆಗ ರಕ್ತದಲ್ಲಿ ವೈರಸ್ ಇರುತ್ತದೆ, ಕಚ್ಚಿದ ಸೊಳ್ಳೆ ಅದನ್ನು ಪಕ್ಕದವರಿಗೆ ದಾಟಿಸುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಬಟ್ಟಲು, ಒಡೆದ ಕೋಕೋ ಕಾಯಿ, ಇವುಗಳಲ್ಲಿ ನಿಂತ ನೀರೇ ಈಡಿಸ್ ಸೊಳ್ಳೆ ಮೊಟ್ಟೆ ಇಡುವ ಜಾಗ. ಮನೆಯಲ್ಲಿ ಜ್ವರದವರು ಇದ್ದಾಗ ಉಳಿದವರು ಮೊದಲು ಮಾಡಬೇಕಾದ್ದು ಅವನ್ನು ಮಗುಚಿ ಹಾಕುವ ಕೆಲಸ.